ನಲವತ್ತೆಂಟು ಗಂಟೆ ಕಾಯಬೇಕಂತೆ!

ಬ್ಲಾಗಿನ ಬರಹಗಳನ್ನೇ ಸೇರಿಸಿ ಮಾಡಿದ ನನ್ನ ಪುಟ್ಟ ಪುಸ್ತಕ ಬಿಡುಗಡೆಯಾದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಅದರ ಹಿಂದಿನ ರಕ್ಷಾಪುಟದಲ್ಲಿ ನನ್ನ ಡಾಟ್ ಕಾಮ್ ವಿಳಾಸ ಅಚ್ಚಾಗಿದೆ. ಆ ವಿಳಾಸ ಎಷ್ಟೋ ವರ್ಷದಿಂದ ನನ್ನ ಹಳೆ ಬ್ಲಾಗಿಗೆ ಫಾರ್ವರ್ಡ್ ಆಗುತ್ತಿತ್ತು. ಬಿಡುಗಡೆಗೆ ಎರಡು ದಿನ ಮುಂಚೆ, ಶುಕ್ರವಾರ ಸಂಜೆ, ಅದನ್ನು ಈ ಹೊಸ ಬ್ಲಾಗಿಗೆ ತಿರುಗಿಸಿದೆ. ಒಂದು ಪೆಟ್ಟಿಗೆಯಲ್ಲಿ ವಿಳಾಸ ಬದಲಿಸಿ 'ಸೇವ್' ಒತ್ತುವುದು, ಅಷ್ಟೇ ಕೆಲಸ.

ಒತ್ತಿದೆ. ತೆರೆದು ನೋಡಿದರೆ ಹಳೆ ಬ್ಲಾಗೇ! ಅರ್ಧ ಗಂಟೆ ಬಿಟ್ಟು ನೋಡಿದೆ, ಅದೇ. ಡೊಮೈನ್ ಮಾರಿದವರ ಸಹಾಯವಾಣಿಗೆ ಬರೆದೆ. "ಪ್ರೊಪಗೇಷನ್ ಆಗಲು 24ರಿಂದ 48 ಗಂಟೆ ಬೇಕು, ದಯವಿಟ್ಟು ಕಾಯಿರಿ" ಅಂತ ಉತ್ತರ ಬಂತು. ಕಾದೆ. ಭಾನುವಾರ ಕಾರ್ಯಕ್ರಮದಲ್ಲಿ ಒಂದು ವಿಚಿತ್ರ ನಡೆಯಿತು. ಪುಸ್ತಕ ಕೊಂಡು ಮೊದಲ ಸಲ ವಿಳಾಸ ಟೈಪ್ ಮಾಡಿದವರಿಗೆಲ್ಲ ಹೊಸ ಬ್ಲಾಗ್ ತೆರೆಯಿತು. ವರ್ಷಗಟ್ಟಲೆ ನನ್ನನ್ನು ಓದಿಕೊಂಡು ಬಂದ ಗೆಳೆಯರಿಗೆ ಮಾತ್ರ ಹಳೆಯದು! ಅವರಲ್ಲೊಬ್ಬರು "ಏನ್ ಸ್ವಾಮಿ, ಬ್ಲಾಗ್ ನಿಲ್ಲಿಸಿಬಿಟ್ರಾ?" ಅಂತ ಕೇಳಿದಾಗ ಬೇಜಾರಾಯ್ತು. ಮಂಗಳವಾರ ಬಂದರೂ ನನ್ನ ಕಂಪ್ಯೂಟರಿನಲ್ಲಿ ಅದೇ ಹಾಡು.

ಕೊನೆಗೆ ಅಕ್ಕನ ಮಗ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆದು ತೋರಿಸಿದ. ಹೊಸ ಬ್ಲಾಗ್ ಸರಿಯಾಗಿ ಬಂತು. ಅಂದರೆ ಬದಲಾವಣೆ ಶುಕ್ರವಾರವೇ ಆಗಿತ್ತು ಮಾರಾಯ್ರೆ! ಹಳೆಯದನ್ನು ನೆನಪಿಟ್ಟುಕೊಂಡಿದ್ದು ನಮ್ಮ ಬ್ರೌಸರುಗಳು.

ಫಾರ್ವರ್ಡಿಂಗ್ ಅನ್ನುವುದರಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲು ಡಿಎನ್‌ಎಸ್, ಅದು ಹೆಸರನ್ನು ಒಂದು ಸರ್ವರಿನ ಸಂಖ್ಯೆಗೆ ಜೋಡಿಸುತ್ತದೆ. ಆಮೇಲೆ ಆ ಸರ್ವರ್ "ಅವರು ಇಲ್ಲಿಲ್ಲ, ಅಲ್ಲಿ ಹೋಗಿ" ಅಂತ ಬ್ರೌಸರಿಗೆ ದಾರಿ ತೋರಿಸುತ್ತದೆ. ನಾನು ಬದಲಿಸಿದ್ದು ಎರಡನೆಯದನ್ನು ಮಾತ್ರ. ಡಿಎನ್‌ಎಸ್ ಮಿಸುಕಾಡಿರಲೇ ಇಲ್ಲ, ಹಾಗಾಗಿ ಪ್ರೊಪಗೇಷನ್ನಿನ ಪ್ರಶ್ನೆಯೇ ಇರಲಿಲ್ಲ. ಆದರೆ ದಾರಿ ತೋರಿಸುವುದರಲ್ಲೂ ಎರಡು ಬಗೆ: 301 ಅಂದರೆ 'ಶಾಶ್ವತವಾಗಿ ಮನೆ ಬದಲಾಯಿಸಿದ್ದಾರೆ', 302 ಅಂದರೆ 'ಸದ್ಯಕ್ಕೆ ಅಲ್ಲಿದ್ದಾರೆ'. ನಾನು ಹಿಂದೆಂದೋ ಅರ್ಥ ತಿಳಿಯದೆ 301 ಆರಿಸಿದ್ದೆ. ಶಾಶ್ವತ ಅಂದಮೇಲೆ ಬ್ರೌಸರ್ ಮತ್ತೆ ಯಾಕೆ ಕೇಳುತ್ತದೆ? ಅವಧಿ ಹೇಳದೆ ಬಿಟ್ಟರೆ, ಅದರ ನೆನಪನ್ನು ಅಳಿಸುವ ತನಕ ಹಳೆ ದಾರಿಯನ್ನೇ ಹಿಡಿಯಬಹುದು. 48 ಗಂಟೆಯಲ್ಲ, 48 ದಿನ ಕಾದಿದ್ದರೂ ಅಷ್ಟೇ ಇತ್ತೇನೋ :-)

ನನ್ನ ತಕರಾರು ಇರುವುದು ಆ 'ಪ್ರೊಪಗೇಷನ್' ಅನ್ನುವ ಪದದ ಮೇಲೆ. ಯಾರೋ ಊರೂರಿಗೆ ಡಂಗುರ ಸಾರುತ್ತಾ ಹೋದಂತೆ, ನಮ್ಮೂರಿಗೆ ಬರುವುದು ತಡವಾಯ್ತು ಅನ್ನುವಂತೆ ಅದು ಕೇಳಿಸುತ್ತದೆ. ಡಿಎನ್‌ಎಸ್ ಬದಲಿಸಿದಾಗಲೂ ಹಾಗೇನೂ ನಡೆಯುವುದಿಲ್ಲ. ಪ್ರತಿ ದಾಖಲೆಯ ಜೊತೆ ಟಿಟಿಎಲ್ ಅಂತ ಒಂದು ಸಂಖ್ಯೆ ಇರುತ್ತದೆ, ಸೆಕೆಂಡುಗಳಲ್ಲಿ. ನಿಮ್ಮ ಇಂಟರ್ನೆಟ್ ಕಂಪನಿಯ ಸರ್ವರ್ ಒಮ್ಮೆ ಉತ್ತರ ತಂದರೆ ಅಷ್ಟು ಹೊತ್ತು ಇಟ್ಟುಕೊಳ್ಳುತ್ತದೆ, ಆಮೇಲೆ ಎಸೆದು ಹೊಸದು ತರುತ್ತದೆ. ಈ ಏರ್ಪಾಟು 1980ರ ದಶಕದಿಂದಲೂ ಇದೆ. ಟಿಟಿಎಲ್ 3600 ಇದ್ದರೆ ಒಂದು ಗಂಟೆ, 86400 ಇದ್ದರೆ ಒಂದು ದಿನ. ಇಷ್ಟು ಸ್ಪಷ್ಟ ಲೆಕ್ಕ ಇರುವಾಗ "24ರಿಂದ 48" ಅನ್ನುವ ಪಂಚಾಂಗ ಯಾಕೆ?

ಹಾಗಂತ ಆ ಸಂಖ್ಯೆ ಪೂರ್ತಿ ಸುಳ್ಳೂ ಅಲ್ಲ. ಡಾಟ್ ಕಾಮ್ ನಡೆಸುವ ವೆರಿಸೈನ್ 2004ರ ತನಕ ತನ್ನ ಪಟ್ಟಿಯನ್ನು ದಿನಕ್ಕೆ ಎರಡೇ ಸಲ ಹೊಸದು ಮಾಡುತ್ತಿತ್ತು. ಆಮೇಲೆ ಅದು ನಿಮಿಷಗಳ ಕೆಲಸವಾಯ್ತು. ನೇಮ್‌ಸರ್ವರನ್ನೇ ಬದಲಿಸಿದರೆ ಮಾತ್ರ ಇವತ್ತಿಗೂ 48 ಗಂಟೆ ಲೆಕ್ಕಕ್ಕೆ ಬರುತ್ತದೆ. ಡಾಟ್ ಕಾಮ್‌ನಲ್ಲಿ ಆ ದಾಖಲೆಯ ಟಿಟಿಎಲ್ 172800 ಸೆಕೆಂಡು, ಸರಿಯಾಗಿ ಎರಡು ದಿನ, ಅದು ನಮ್ಮ ಕೈಯಲ್ಲಿಲ್ಲ. ಆದರೆ ಆ ಒಂದು ಸಂದರ್ಭದ ಗಡುವನ್ನು ಎಲ್ಲದಕ್ಕೂ ಹಚ್ಚಿದರೆ ಹೇಗೆ? ಜ್ವರಕ್ಕೂ ಮುರಿದ ಕಾಲಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಇನ್ನೊಂದು ಮಜಾ ಕೇಳಿ. ದಾಖಲೆ ಸೇರಿಸುವ ಮೊದಲೇ ಆತುರಕ್ಕೆ ವಿಳಾಸ ತೆರೆದರೆ "ಅಂಥದ್ದಿಲ್ಲ" ಅನ್ನುವ ಉತ್ತರವೂ ಸ್ವಲ್ಪ ಹೊತ್ತು ನೆನಪಿನಲ್ಲಿ ಕೂರುತ್ತದೆ. ಎಫ್5 ಒತ್ತಿ ಒತ್ತಿ ನಾವೇ ತಡ ಮಾಡಿಕೊಂಡಂತೆ! ಹಿಂದೊಮ್ಮೆ ನಾನೂ ಹೀಗೇ ಮಾಡಿಕೊಂಡಿದ್ದೆ.

ಮಾರುವವರು 'ಸೇವ್' ಗುಂಡಿಯ ಪಕ್ಕದಲ್ಲೇ ಹಳೆ ಟಿಟಿಎಲ್ ಎಷ್ಟು, ಹೆಚ್ಚೆಂದರೆ ಎಷ್ಟು ಹೊತ್ತು ಹಳೆ ಉತ್ತರ ಬರಬಹುದು ಅಂತ ತೋರಿಸಬಹುದಲ್ಲ? ಸಂಖ್ಯೆ ಅವರ ಹತ್ತಿರವೇ ಇದೆ. 301 ಆರಿಸುವಾಗ "ಇದನ್ನು ಹಿಂತೆಗೆಯುವುದು ಕಷ್ಟ" ಅಂತ ಒಂದು ಸಾಲು ಹಾಕಬಹುದು. 301 ಕೆಟ್ಟದ್ದು ಅಂತಲ್ಲ, ಹೊಸ ವಿಳಾಸ ಖಾಯಂ ಅಂತ ಹುಡುಕು ಯಂತ್ರಗಳಿಗೆ ತಿಳಿಸಲು ಅದೇ ಬೇಕು. ಆದರೆ ನಾಳೆ ಮನಸ್ಸು ಬದಲಾಯಿಸಬಹುದಾದ ನಮ್ಮಂಥವರಿಗೆ 302 ಸಾಕು. ನಾವು ಬ್ಲಾಗಿಗರೂ ಕಡಿಮೆಯಿಲ್ಲ ಬಿಡಿ. ಹೊಸಬರು ಕೇಳಿದಾಗ "ಎರಡು ದಿನ ಕಾಯಿರಿ" ಅಂತ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೋ. ಅವರಲ್ಲಿ ಒಬ್ಬರು ತಮ್ಮದೇ ಏನೋ ತಪ್ಪು ಅಂದುಕೊಂಡು ಡೊಮೈನನ್ನೇ ಕೈಬಿಟ್ಟರು. ಅದು ಈಗ ಚುಚ್ಚುತ್ತಿದೆ.

ಡಿಎನ್‌ಎಸ್ ಬದಲಿಸುವ ಯೋಚನೆಯಿದ್ದರೆ ಮೊದಲೇ ಟಿಟಿಎಲ್ಲನ್ನು 300ಕ್ಕೆ ಇಳಿಸಿ. ಹಳೆ ಟಿಟಿಎಲ್ ಒಂದು ದಿನವಿದ್ದರೆ ಒಂದು ದಿನ ಬಿಡಿ, ಆಮೇಲೆ ಬದಲಿಸಿ. ಹೆಚ್ಚಿನವರಿಗೆ ಐದೇ ನಿಮಿಷದಲ್ಲಿ ಹೊಸದು ಸಿಗುತ್ತದೆ. ಎಲ್ಲ ಸರಿಯಾದ ಮೇಲೆ ಮತ್ತೆ ಏರಿಸಿದರಾಯ್ತು.

ನನ್ನ ಪುಣ್ಯ, ಹಳೆ ಬ್ಲಾಗನ್ನು ಅಳಿಸಿರಲಿಲ್ಲ. ಈಗ ಅದರ ಮೇಲ್ಗಡೆ ಇಲ್ಲಿಗೆ ಬರುವ ಕೊಂಡಿ ಹಾಕಿದ್ದೇನೆ. ಪುಸ್ತಕದಲ್ಲಿರುವ ವಿಳಾಸವನ್ನು ನೀವೂ ಒಮ್ಮೆ ಟೈಪ್ ಮಾಡಿ ನೋಡಿ. ಇನ್ನೂ ಹಳೆಯದೇ ಬಂದರೆ ಬ್ರೌಸರಿನ ನೆನಪನ್ನು ಅಳಿಸಿ ಮತ್ತೆ ತೆರೆಯಿರಿ. ಆಗಲೂ ಬರದಿದ್ದರೆ ಕಾಮೆಂಟಿನಲ್ಲಿ ಬೈಯಿರಿ, ನೋಡ್ತೀನಿ.