ಹೋರಿಗೆ ಇರುವ ತಪಾಸಣೆ ಭ್ರೂಣಕ್ಕೇಕೆ ಬೇಡ?



ಹೆಸರಘಟ್ಟವೆಂದರೆ ಬೆಂಗಳೂರಿಗರಿಗೆ ನೆನಪಾಗುವುದು ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ. ಹಸು ಸಾಕುವವರಿಗೆ ನೆನಪಾಗುವುದು 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ, ಇಂದಿನ ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ.

ಮನುಷ್ಯನಿಗೆ 46 ವರ್ಣತಂತುಗಳೆಂದು ತರಗತಿಯಲ್ಲಿ ನೀವು ಬಾಯಿಪಾಠ ಮಾಡಿದ್ದೀರಿ. ಹಸುವಿಗೆ 60. 1964ರಲ್ಲಿ ಸ್ವೀಡನ್ನಿನ ಗುಸ್ತಾವ್ಸನ್ ಎಂಬ ವಿಜ್ಞಾನಿ, ಕೆಲವು ರಾಸುಗಳಲ್ಲಿ 1ನೆಯ ಮತ್ತು 29ನೆಯ ವರ್ಣತಂತುಗಳು ಬೆಸೆದುಕೊಂಡು ಎಣಿಕೆ 59ಕ್ಕೆ ಇಳಿದಿರುವುದನ್ನು ಕಂಡರು. ಅಂಥ ಹೋರಿ ನೋಡಲು ದಷ್ಟಪುಷ್ಟವಾಗಿಯೇ ಇರುತ್ತದೆ. ಆದರೆ ಅದರ ಹೆಣ್ಣುಸಂತತಿ ಸುಲಭವಾಗಿ ಗಬ್ಬ ಕಟ್ಟುವುದಿಲ್ಲ. ಒಂದೇ ಹೋರಿಯ ವೀರ್ಯ ಸಾವಿರಾರು ಕೊಟ್ಟಿಗೆಗಳಿಗೆ ಹೋಗುವುದರಿಂದ, ನಮ್ಮ ವೀರ್ಯ ಕೇಂದ್ರಗಳ ಕನಿಷ್ಠ ಮಾನದಂಡದಲ್ಲಿ ಹೋರಿಯ ವರ್ಣತಂತು ಪರೀಕ್ಷೆಯನ್ನು ಸೇರಿಸಿದ್ದಾರೆ. ಇದು ವಿವೇಕದ ಕ್ರಮ.

ಈಗ ಕಾಲ ವೀರ್ಯದ ಕಡ್ಡಿಯಿಂದ ಪ್ರನಾಳ ಭ್ರೂಣದತ್ತ ಸಾಗಿದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ ಅಡಿಯಲ್ಲಿ, ಖಚಿತಗೊಂಡ ಪ್ರತಿ ಗರ್ಭಕ್ಕೆ 5,000 ರೂಪಾಯಿ ಸಹಾಯಧನದ ಏರ್ಪಾಡೂ ಆಯಿತು. ಉತ್ತಮ ಹಸುವಿನ ಅಂಡಾಣುವನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಫಲಗೊಳಿಸಿ, ಸುಮಾರು 7 ದಿನ ಬೆಳೆಸಿ, ಬೇರೊಂದು ಹಸುವಿನ ಗರ್ಭಕೋಶದಲ್ಲಿ ಇರಿಸುವುದು ಇದರ ಕ್ರಮ.

ಬೀಜದಂತೆ ವೃಕ್ಷ ಎನ್ನುತ್ತೇವೆ. ಇಲ್ಲಿ ಬೀಜ ಉತ್ತಮವಾಗಿದ್ದರೂ ಮೊಳಕೆಯಲ್ಲೇ ಲೆಕ್ಕ ತಪ್ಪಬಹುದು. ಹಸುವಿನ ಅಂಡನಾಳದಲ್ಲಿ ಅಂಡದ ಬಳಿ ತಲುಪುವ ವೀರ್ಯಾಣುಗಳು ಕೆಲವೇ. ಗಾಜಿನ ತಟ್ಟೆಯಲ್ಲಿ ಅವು ಸಾವಿರಗಟ್ಟಲೆ ಮುತ್ತುತ್ತವೆ. ಎರಡು ಒಳಹೊಕ್ಕರೆ ವರ್ಣತಂತು 90 ಆಗುತ್ತದೆ. ಮೊದಲ ಕೋಶವಿಭಜನೆಗಳಲ್ಲಿಯೂ ಹಂಚಿಕೆ ಏರುಪೇರಾಗುತ್ತದೆ. ಡೆನ್ಮಾರ್ಕಿನ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗಾಲಯದ ಭ್ರೂಣಗಳ ಪೈಕಿ ಶೇಕಡಾ 72ರಲ್ಲಿ ವರ್ಣತಂತು ಸಂಖ್ಯೆ ಬೇರೆಬೇರೆಯಾದ ಕೋಶಗಳು ಬೆರೆತಿದ್ದವು. ಹಸುವಿನೊಳಗೇ ಬೆಳೆದ ಭ್ರೂಣಗಳಲ್ಲಿ ಈ ಪ್ರಮಾಣ ಶೇಕಡಾ 25.

ಇದನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಬಹುಪಾಲು ಭ್ರೂಣಗಳಲ್ಲಿ ಅಂಥ ಕೋಶಗಳು ಬೆರಳೆಣಿಕೆಯವು. ಅವುಗಳಿಂದ ಆರೋಗ್ಯವಂತ ಕರು ಹುಟ್ಟಬಲ್ಲದು. ಭ್ರೂಣದಿಂದ ಕೆಲವು ಕೋಶ ತೆಗೆದು ಪರೀಕ್ಷಿಸುವ ವಿಧಾನವೂ ಇದೆಯಾದರೂ, ಆ ಕೆಲವೇ ಕೋಶಗಳು ಇಡೀ ಭ್ರೂಣದ ಕಥೆ ಹೇಳಲಾರವು. ಆದರೆ ದೋಷ ಭ್ರೂಣದ ಎಲ್ಲ ಕೋಶಗಳಲ್ಲೂ ಇದ್ದರೆ ಗರ್ಭ ಸಾಮಾನ್ಯವಾಗಿ ಉಳಿಯದು, ಹಸು ಮತ್ತೆ ಬೆದೆಗೆ ಬರುತ್ತದೆ. ಅಷ್ಟು ದಿನ ಮೇವು ಹಾಕಿದವನು ರೈತ. ವಿಜ್ಞಾನಿಗೆ ಅದು ಒಂದು ಅಂಕಿ. ಎರಡು ಹಸುವಿನ ಮನೆಗೆ ಅದು ಹಾಲಿಲ್ಲದ ತಿಂಗಳು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಅಂಡ ನೀಡುವ ಹಸುವಿಗೂ ಹೋರಿಯಂತೆಯೇ ರಕ್ತದಿಂದ ವರ್ಣತಂತು ಪರೀಕ್ಷೆ ಆಗಲಿ. ಹೆಚ್ಚು ಬೆಲೆಯ ಭ್ರೂಣಗಳನ್ನಾದರೂ ಪರೀಕ್ಷಿಸಿ ಇರಿಸಲಿ. ನೂರರಲ್ಲಿ ಎಷ್ಟು ಭ್ರೂಣ ಗಬ್ಬ ನಿಲ್ಲುತ್ತದೆ, ಎಷ್ಟು ಕರು ಹುಟ್ಟುತ್ತದೆ ಎಂಬುದನ್ನು ರೈತನಿಗೆ ಮೊದಲೇ ಕನ್ನಡದಲ್ಲಿ ಬರೆದುಕೊಡಲಿ. ಗರ್ಭ ಇಳಿದುಹೋದರೆ ನಷ್ಟದಲ್ಲಿ ಯೋಜನೆಯೂ ಪಾಲು ಹೊರಲಿ.

ನಿಮ್ಮಲ್ಲಿ ಪಶುವೈದ್ಯರಾದವರಿದ್ದೀರಿ, ಹೈನುಗಾರಿಕೆ ನಂಬಿದವರೂ ಇದ್ದೀರಿ. ಒಪ್ಪದಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ಪ್ರಶ್ನೆ ಕೇಳುವ ಹಕ್ಕು ನಿಮಗೆ ತರಗತಿಯಲ್ಲೂ ಇತ್ತು.