ಚಿತ್ರ ಬರೆದವನ ಹೆಸರು



ಈ ಸಲ ಹುಣಸೆ ತೊಕ್ಕು ಕೆಡದಂತೆ ಇಡುವ ಬಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ಸಂಚಿಕೆಗೆ ಇರಲಿ. ಕಾರಣವಿದೆ, ಕೇಳಿ.

ನಮ್ಮ ಅಕ್ಕನ ಮಗಳು ಮೆಡಿಕಲ್ ಸೇರಿ, ರಾಜಾಜಿನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಏಳೂವರೆಗೆ ಡಬ್ಬಿ ಕಟ್ಟಿಕೊಟ್ಟರೆ ಕುವೆಂಪು ರಸ್ತೆಯಲ್ಲಿ ಮೆಟ್ರೋ ಹತ್ತುತ್ತಾಳೆ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ಒಂದು ಸಂಜೆ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಹಾಗೇ ತಂದಿಟ್ಟಳು. ರಾತ್ರಿ ತಟ್ಟೆಯ ಮುಂದೆ ಕೂತವಳು ಒಂದು ತುತ್ತೂ ತಿನ್ನದೆ ಎದ್ದುಹೋದಳು. ಹಿಂದೆಯೇ ಹೋಗಿ ಕೇಳಿದೆ.

"ನನ್ನ ಕೈಲಾಗಲ್ಲ ಚಿಕ್ಕಮ್ಮ. ಊರಿಗೆ ಹೋಗ್ಬಿಡ್ತೀನಿ" ಅಂದಳು.

ಅವತ್ತು ಹೆಣ ಕೊಯ್ದು ಕಲಿಸುವ ಕೋಣೆಗೆ ಮೊದಲ ಸಲ ಕರೆದುಕೊಂಡು ಹೋಗಿದ್ದರಂತೆ. ಫಾರ್ಮಲಿನ್ ವಾಸನೆಗೆ ಕಣ್ಣುರಿ ಬಂತಂತೆ. ಅದನ್ನು ಹೇಗೋ ತಡೆದುಕೊಂಡಳಂತೆ. "ಒಬ್ಬ ಅಜ್ಜಿ, ಚಿಕ್ಕಮ್ಮ. ಕಾಲಿನ ಎರಡನೇ ಬೆರಳಲ್ಲಿ ಕಾಲುಂಗುರದ ಗುರುತು ಹಾಗೇ ಇತ್ತು. ಅವರ ಹೆಸರೇನು ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ."

ನನಗೂ ಮಾತು ಹೊರಡಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ ನಾನು ಏನು ಸಮಾಧಾನ ಹೇಳಲಿ? ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದಿತ್ತು, 'ಗ್ರೇಸ್ ಅನಾಟಮಿ' ಅಂತ. ಮಾತು ಬೇರೆ ಕಡೆ ತಿರುಗಲಿ ಎಂದು "ಈ ಗ್ರೇ ಯಾರೇ?" ಅಂದೆ. ಅಲ್ಲಿಂದ ಶುರುವಾಗಿದ್ದು, ನಾಲ್ಕು ರಾತ್ರಿ ಅದೇ ಮಾತು. ಅವಳು ಹುಡುಕಿ ಹುಡುಕಿ ಹೇಳುವುದು, ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳುವುದು.

ಹೆನ್ರಿ ಗ್ರೇ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಅಂಗರಚನೆ ಕಲಿಸುತ್ತಿದ್ದ ಸರ್ಜನ್. ಆದರೆ ಪುಸ್ತಕಕ್ಕೆ ಹೆಸರು ತಂದ ಚಿತ್ರಗಳು ಅವನವಲ್ಲ. ಬರೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. 1831ರಲ್ಲಿ ಹುಟ್ಟಿದವನು, ತಂದೆ ಚಿತ್ರಕಾರ. ಇಬ್ಬರೂ ಸೇರಿ ಸುಮಾರು ಒಂದೂವರೆ ವರ್ಷ ಹೆಣಗಳನ್ನು ಕೊಯ್ದು ನೋಡಿದರು. ಗ್ರೇ ಮಾತು ಬರೆದ, ಕಾರ್ಟರ್ ಚಿತ್ರ ಬರೆದ. ಅದೂ ಹೇಗೆ? ಅಚ್ಚು ಕೊರೆಯುವ ಮರದ ತುಂಡಿನ ಮೇಲೇ, ಎಡವನ್ನು ಬಲ ಮಾಡಿ, ತಿರುಗುಮುರುಗಾಗಿ! ಮುನ್ನೂರ ಅರವತ್ತಕ್ಕೂ ಮೇಲೆ ಚಿತ್ರಗಳು. ರಂಗೋಲಿಯನ್ನು ಕನ್ನಡಿಯಲ್ಲಿ ನೋಡಿಕೊಂಡು ಒಮ್ಮೆ ಹಾಕಿ ನೋಡಿ, ಆಗ ಗೊತ್ತಾಗುತ್ತದೆ ಅದರ ಕಷ್ಟ.

ಮೊದಲಿನ ಅನೇಕ ಪುಸ್ತಕಗಳಲ್ಲಿ ಚಿತ್ರದ ಮೇಲೆ ಬರೀ ಅಂಕಿಯೋ ಅಕ್ಷರವೋ ಇರುತ್ತಿತ್ತು, ಅರ್ಥ ಬೇಕಾದರೆ ಕೆಳಗೆ ಹುಡುಕಬೇಕು. ಕಾರ್ಟರ್ ನರದ ಹೆಸರನ್ನು ನರದ ಮೇಲೇ, ಮೂಳೆಯ ಹೆಸರನ್ನು ಮೂಳೆಯ ಮೇಲೇ ಬರೆದ. ನಾವು ಡಬ್ಬದ ಮೇಲೆ ಉದ್ದಿನಬೇಳೆ, ಕಡಲೆಬೇಳೆ ಅಂತ ಚೀಟಿ ಅಂಟಿಸುತ್ತೇವಲ್ಲ, ಹಾಗೆ.

ಪುಸ್ತಕ ಹೊರಬಂದದ್ದು 1858ರಲ್ಲಿ. ಗ್ರೇಗೆ ಪ್ರತಿ ಸಾವಿರ ಪ್ರತಿಗೆ 150 ಪೌಂಡು. ಕಾರ್ಟರನಿಗೆ ಒಂದೇ ಸಲಕ್ಕೆ 150 ಪೌಂಡು, ಮುಗಿಯಿತು. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಮೊದಲ ಪುಟದ ಕರಡಚ್ಚು ಬಂದಾಗ ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿತ್ತು. ಗ್ರೇ ತಾನೇ ತಿದ್ದಿ ಕಾರ್ಟರನ ಹೆಸರನ್ನು ಚಿಕ್ಕದು ಮಾಡಿಸಿದ. ಇದನ್ನು ಓದಿದಾಗ ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಒಂದು ದಸರಾಕ್ಕೆ ಮಹಿಳಾ ಸಮಾಜದ ಪುಸ್ತಿಕೆಗೆ ನಲವತ್ತು ರಂಗೋಲಿ ಬರೆದುಕೊಟ್ಟಿದ್ದೆ. ಅಚ್ಚಾಗಿ ಬಂದಾಗ ಕೊನೆಯ ಪುಟದಲ್ಲಿ 'ಸಹಕರಿಸಿದವರು' ಅಂತ ಹನ್ನೊಂದು ಹೆಸರಿನ ನಡುವೆ ನನ್ನದೂ ಒಂದು ಇತ್ತು. ನಮ್ಮ ಯಜಮಾನರು ಈಗಲೂ ಅದನ್ನು ಹೇಳಿ ರೇಗಿಸುತ್ತಾರೆ.

ಹಾಗಂತ ಗ್ರೇ ಕೆಟ್ಟವನೆಂದು ಹೇಳಿ ಮುಗಿಸುವಂತಿಲ್ಲ. ಸಿಡುಬು ಬಂದ ಸೋದರನ ಮಗನ ಆರೈಕೆಗೆ ನಿಂತು, ತನಗೇ ಸಿಡುಬು ತಗುಲಿ 1861ರಲ್ಲಿ ತೀರಿಕೊಂಡ. ಮೂವತ್ತನಾಲ್ಕೇ ವಯಸ್ಸು. ಆ ಹುಡುಗ ಬದುಕಿದ.

ಕಾರ್ಟರ್ ಏನಾದ? ಪುಸ್ತಕ ಹೊರಬರುವ ಹೊತ್ತಿಗೆ ಹಡಗು ಹತ್ತಿ ಮುಂಬಯಿಗೆ ಬಂದಾಗಿತ್ತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆಯ ಪ್ರೊಫೆಸರ್. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರದ ಸೀಮೆಗಳೆಲ್ಲ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗೆ ಮುಳ್ಳು ಚುಚ್ಚಿದ ಜಾಗ ಊದಿ, ತೂತು ಬಿದ್ದು ಸೋರುವ ಕಾಯಿಲೆಯೊಂದಿದೆ. ಅದಕ್ಕೆ ಬೂಷ್ಟಿನ ಜಾತಿಯದೊಂದು ಕಾರಣವೆಂದು ತೋರಿಸಿ ಹೆಸರಿಟ್ಟವನು ಈತ. ಕುಷ್ಠರೋಗದ ವಿಷಯ ತಿಳಿಯಲು ನಾರ್ವೆ ದೇಶದವರೆಗೂ ಹೋಗಿಬಂದ. ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರಲ್ಲ, ಆ 1877ರ ಸುಮಾರಿಗೆ ಮುಂಬಯಿಯಲ್ಲಿ ಬಿಟ್ಟು ಬಿಟ್ಟು ಬರುವ ಜ್ವರ ಹಬ್ಬಿತು. ರೋಗಿಗಳ ರಕ್ತದಲ್ಲಿ ಸುರುಳಿಯಂಥ ಕ್ರಿಮಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಆತ ಬರೆದ ಪುಸ್ತಕ 1882ರಲ್ಲಿ ಬಂತು. ಮೂವತ್ತು ವರ್ಷ ಇಲ್ಲೇ ಕಳೆದು 1888ರಲ್ಲಿ ನಿವೃತ್ತನಾದ, 1897ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ.

ಇಷ್ಟೆಲ್ಲ ಕೇಳಿದ ಮೇಲೂ ಹುಡುಗಿ ತನ್ನ ಪ್ರಶ್ನೆ ಬಿಡಲಿಲ್ಲ. "ಕಾರ್ಟರ್ ಹೆಸರು ಸಣ್ಣದಾಗಿ ಆದ್ರೂ ಇದೆ ಚಿಕ್ಕಮ್ಮ. ಅವರು ಕೊಯ್ದಿದ್ದು ಯಾರನ್ನ?" ಸರಿಯಾದ ಮಾತು. 1832ರ ಕಾಯಿದೆಯ ಪ್ರಕಾರ ವಾರಸುದಾರರಿಲ್ಲದೆ ಸತ್ತ ಬಡವರ ದೇಹಗಳನ್ನು ಕಾಲೇಜುಗಳಿಗೆ ಕೊಡುತ್ತಿದ್ದರು. ಪುಸ್ತಕದಲ್ಲಿ ಅವರ ಹೆಸರು ಒಂದೂ ಇಲ್ಲ. ನಮ್ಮಲ್ಲೂ 1957ರಿಂದ ಅಂಥ ಕಾಯಿದೆ ಇದೆ.

ಆಗ ನಮ್ಮ ಯಜಮಾನರು ಪೇಪರಿನಲ್ಲಿ ಓದಿದ್ದೊಂದನ್ನು ಹೇಳಿದರು. ಬೈಲಹೊಂಗಲದ ಆಯುರ್ವೇದ ವೈದ್ಯರು ಡಾ. ಬಸವಣ್ಣೆಪ್ಪ ರಾಮಣ್ಣವರ, ತಾವು ಸತ್ತ ಮೇಲೆ ತಮ್ಮ ದೇಹವನ್ನು ಮಗನೇ ಕೊಯ್ದು ಪಾಠ ಹೇಳಬೇಕೆಂದು ಬರೆದಿಟ್ಟಿದ್ದರು. ಮಗ ಡಾ. ಮಹಾಂತೇಶ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಶರೀರ ರಚನೆಯ ಅಧ್ಯಾಪಕರು. 2008ರಲ್ಲಿ ತಂದೆ ಹೋದರು. ಎರಡು ವರ್ಷದ ನಂತರ, 2010ರ ನವೆಂಬರಿನಲ್ಲಿ, ಮಗ ವಿದ್ಯಾರ್ಥಿಗಳ ಎದುರು ಆ ಮಾತು ನಡೆಸಿಕೊಟ್ಟರು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. "ಆ ಮಗನ ಕೈ ನಡುಗಲಿಲ್ವಾ ಚಿಕ್ಕಪ್ಪ?" ಅಂದಳು. ನಮ್ಮವರು ಉತ್ತರ ಹೇಳಲಿಲ್ಲ.

ಊರಿಗೆ ಹೋಗುವ ಮಾತು ಈಗ ಎತ್ತುತ್ತಿಲ್ಲ. ಡಬ್ಬಿ ಅರ್ಧ ಖಾಲಿಯಾಗಿ ಬರುತ್ತಿದೆ, ಮೊಸರನ್ನವಾದರೆ ಪೂರ್ತಿ. ಮೊನ್ನೆ ಅವಳ ರೆಕಾರ್ಡ್ ಪುಸ್ತಕ ನೋಡಿದೆ. ಪಾದದ ಮೂಳೆಗಳ ಚಿತ್ರ ಬರೆದಿದ್ದಾಳೆ, ಹೆಸರುಗಳನ್ನು ಮೂಳೆಗಳ ಮೇಲೇ ಬರೆದಿದ್ದಾಳೆ. ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಅಜ್ಜಿ' ಅಂತಿತ್ತು. ಮೇಷ್ಟ್ರು ನೋಡಿದರೆ ಅಳಿಸಿಹಾಕು ಅನ್ನಬಹುದೇನೋ. ನಾನಂತೂ ಏನೂ ಹೇಳಲಿಲ್ಲ.

ತೊಕ್ಕಿಗೆ ಹುಣಸೆಕಾಯಿ ಉಪ್ಪು ಹಾಕಿ ಜಾಡಿಯಲ್ಲಿಟ್ಟಿದ್ದೇನೆ. ಮುಂದಿನ ಸಲ ತಪ್ಪದೆ ಬರೆಯುತ್ತೇನೆ.