ಐದು ಸೋಲುಗಳ ಲೆಕ್ಕ

ಚದುರಂಗವು ಬುದ್ಧಿವಂತರ ಆಟವೆಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಇದನ್ನು ನಂಬಿದ ವಿದ್ಯಾರ್ಥಿಯು ಅಂತರಜಾಲದಲ್ಲಿ ಒಂದೇ ರಾತ್ರಿ ಐದು ಆಟಗಳನ್ನು ಸಾಲಾಗಿ ಸೋತನೆಂದರೆ ತನ್ನ ಬುದ್ಧಿಯೇ ಮಂಕಾಯಿತೆಂದು ಕೊರಗುತ್ತಾನೆ. ಆರನೆಯದನ್ನಾದರೂ ಗೆದ್ದೇ ಮಲಗುವೆನೆಂದು ಹಟ ಹಿಡಿಯುತ್ತಾನೆ. ಆ ಕೊರಗಿಗೆ ಆಧಾರವುಂಟೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಹಟಕ್ಕಂತೂ ಇನ್ನೂ ಇಲ್ಲ.

ಜಾಲದ ಆಟದ ತಾಣಗಳು ಪ್ರತಿಯೊಬ್ಬ ಆಟಗಾರನ ಬಲವನ್ನೂ ಒಂದು ಸಂಖ್ಯೆಯಿಂದ ಅಳೆಯುತ್ತವೆ. ಇದಕ್ಕೆ ರೇಟಿಂಗ್ ಎಂದು ಹೆಸರು. ಹಂಗೆರಿಯಲ್ಲಿ ಜನಿಸಿ ಅಮೆರಿಕದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಆರ್ಪಾಡ್ ಎಲೋ ಅವರು ರೂಪಿಸಿದ ಪದ್ಧತಿಯೇ ಇದರ ಮೂಲ. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆಯು ಅದನ್ನು 1970ರಲ್ಲಿ ಅಂಗೀಕರಿಸಿತು. ಒಬ್ಬನೇ ಆಟಗಾರನ ಆಟವು ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಆದರೆ ಆ ಏರಿಳಿತವು ಒಂದು ಸರಾಸರಿಯ ಸುತ್ತಲೇ ಇರುತ್ತದೆ ಎಂಬುದು ಎಲೋ ಹಿಡಿದ ಎಳೆ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ನೂರು ಆಟಗಳಲ್ಲಿ ದುರ್ಬಲನಿಗೆ ಸುಮಾರು 24 ಆಟಗಳ ಫಲ ದೊರೆಯಬೇಕು. ಅಂತರವು 400 ಆದರೆ ಸುಮಾರು 9. ಬಲಿಷ್ಠನೂ ಆಗಾಗ ಸೋಲುವನೆಂಬುದು ಹೀಗೆ ಸೂತ್ರದಲ್ಲಿಯೇ ಅಡಗಿದೆ.

ತಾಣದ ಯಂತ್ರವಾದರೋ ನಿಮಗೆ ದುರ್ಬಲನನ್ನು ಹುಡುಕಿ ಕೊಡುವುದಿಲ್ಲ. ಹೆಚ್ಚುಕಡಮೆ ಸಮಾನ ಬಲದವನನ್ನೇ ಎದುರಿಗೆ ಕೂರಿಸುತ್ತದೆ. ನೀವು ಗೆದ್ದು ಮೇಲೇರಿದಂತೆ ಎದುರಾಳಿಗಳೂ ಮೇಲಿನವರೇ ಆಗುತ್ತಾರೆ. ಆದುದರಿಂದ ಎಷ್ಟು ಕಲಿತರೂ ಸುಮಾರು ಅರ್ಧದಷ್ಟು ಆಟಗಳನ್ನು ಸೋಲುತ್ತಲೇ ಇರಬೇಕಾಗುತ್ತದೆ. ಡ್ರಾ ಆದ ಆಟಗಳನ್ನು ಬದಿಗಿಟ್ಟರೆ ಪ್ರತಿಯೊಂದು ಆಟವೂ ನಾಣ್ಯ ಚಿಮ್ಮಿದಂತೆಯೇ. ಮುಂದಿನ ಐದು ಆಟಗಳನ್ನೂ ಸೋಲುವ ಸಂಭವ 32ರಲ್ಲಿ ಒಂದು ಮಾತ್ರ. ಆದರೆ ನೂರು ಆಟಗಳ ಉದ್ದಕ್ಕೂ ಎಲ್ಲಿಯಾದರೂ ಒಮ್ಮೆ ಐದು ಸೋಲುಗಳು ಸಾಲಾಗಿ ಬರುವ ಸಂಭವ ಶೇಕಡ 81ರಷ್ಟು! ಬಾರದಿದ್ದರೇ ಆಶ್ಚರ್ಯಪಡಬೇಕು.

ಒಂದು ಆಕ್ಷೇಪಣೆಯುಂಟು. ನಾಣ್ಯಕ್ಕೆ ಕೋಪ ಬಾರದು, ನಿದ್ರೆಯೂ ಬಾರದು. ಆಟಗಾರನಿಗೆ ಎರಡೂ ಬರುತ್ತವೆ. ಐದನೆಯ ಸೋಲು ಆಕಸ್ಮಿಕವಿರಬಹುದು, ಸೇಡಿಗೆಂದು ಆಡಿದ ಆರನೆಯದು ಹಾಗಲ್ಲ. ಹಿಂದೆ ಅಂಚೆಯ ಕಾರ್ಡುಗಳ ಮೂಲಕ ಚದುರಂಗವಾಡುವ ಹವ್ಯಾಸಿಗಳಿದ್ದರು. ಒಂದು ನಡೆಗೆ ಉತ್ತರ ಬರಲು ದಿನಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ರೋಷ ತಣ್ಣಗಾಗುತ್ತಿತ್ತು. ಜಾಲವು ಕೆಲವೇ ಕ್ಷಣಗಳಲ್ಲಿ ಹೊಸ ಎದುರಾಳಿಯನ್ನು ತಂದು ನಿಲ್ಲಿಸುತ್ತದೆ. ಈ ಸೌಲಭ್ಯವನ್ನು ನಾನು ಉಪಕಾರವೆಂದು ಎಣಿಸಲಾರೆ. ಸೋತ ಆಟವನ್ನು ಮೊದಲಿನಿಂದ ಒಮ್ಮೆ ನಡೆಸಿ, ಎಲ್ಲಿ ಕೆಟ್ಟಿತೆಂಬುದನ್ನು ತಾನೇ ಗುರುತಿಸಿ, ಬಳಿಕ ಕಂಪ್ಯೂಟರಿನ ತೀರ್ಪನ್ನು ಕೇಳುವವನು ಆ ಸೋಲಿಗೆ ಬೆಲೆ ಪಡೆದುಕೊಳ್ಳುತ್ತಾನೆ. ನೇರವಾಗಿ ತೀರ್ಪನ್ನು ನೋಡುವವನು ಉತ್ತರವನ್ನು ಮಾತ್ರ ಓದಿದ ಗಣಿತದ ವಿದ್ಯಾರ್ಥಿಯಂತೆ.

ಇನ್ನು ಆಟದ ರೀತಿ. ಹವ್ಯಾಸಿಗಳಲ್ಲಿ ಅನೇಕರು ಮೊದಲ ಹತ್ತು ನಡೆಗಳಲ್ಲಿಯೇ ಎದುರಾಳಿಯನ್ನು ಬಲೆಗೆ ಕೆಡಹುವ ಉಪಾಯಗಳನ್ನು ಬಾಯಿಪಾಠ ಮಾಡುತ್ತಾರೆ. ಬಲೆ ಹರಿದೊಡನೆ, ಒಂದು ಕುದುರೆ ಹೋದೊಡನೆ, ಆಟವನ್ನೇ ಬಿಟ್ಟುಕೊಡುತ್ತಾರೆ. ಮಹಾ ಆಟಗಾರರು ಹಾಗೆ ಬಿಟ್ಟುಕೊಟ್ಟರೆ ಅದಕ್ಕೆ ಅರ್ಥವಿದೆ, ಎದುರಿಗಿರುವವನು ತಪ್ಪು ಮಾಡುವುದು ವಿರಳ. ನಮ್ಮ ನಿಮ್ಮ ಮಟ್ಟದಲ್ಲಿ ಗೆಲ್ಲುತ್ತಿರುವವನೂ ನಮ್ಮಂತೆಯೇ ತಪ್ಪು ಮಾಡುವವನು. ಅವನ ಗಡಿಯಾರವೂ ಓಡುತ್ತಿರುತ್ತದೆ. ಆನೆ ಕುದುರೆಗಳನ್ನು ಸುಮ್ಮನೆ ಬದಲಾಯಿಸಿಕೊಂಡು ಅವನ ದಾರಿಯನ್ನು ಸುಲಭ ಮಾಡಬೇಡಿರಿ; ರಾಜನನ್ನು ಕಾಪಾಡಿಕೊಂಡು ಪ್ರತಿ ನಡೆಯಲ್ಲಿಯೂ ಅವನಿಗೊಂದು ಸಣ್ಣ ಪ್ರಶ್ನೆಯನ್ನು ಒಡ್ಡುತ್ತಿರಿ.

ಎಲ್ಲವೂ ಹೋಗಿ ಒಂಟಿ ರಾಜನು ಮೂಲೆ ಸೇರಿದಾಗಲೂ ಒಂದು ಅವಕಾಶ ಉಳಿದಿರುತ್ತದೆ. ಎದುರಾಳಿಯು ಆತುರದಿಂದ ತನ್ನ ಮಂತ್ರಿಯನ್ನು ಆ ಮೂಲೆಯಿಂದ ಕುದುರೆಯ ಒಂದು ನೆಗೆತದಷ್ಟು ದೂರದ ಮನೆಯಲ್ಲಿ ಇಟ್ಟನೆನ್ನಿ. ರಾಜನಿಗೆ ಶಹ ಇಲ್ಲ. ಸುತ್ತಣ ಮೂರು ಮನೆಗಳೂ ಮುಚ್ಚಿರುವುದರಿಂದ ನಡೆಯೂ ಇಲ್ಲ. ನಿಯಮದ ಪ್ರಕಾರ ಆಟ ಡ್ರಾ. ಮಣೆಯನ್ನು ಮುಂದಿಟ್ಟುಕೊಂಡು ಪರೀಕ್ಷಿಸಿ ನೋಡಿರಿ.